ಅಪ್ಪ-ಮಗಳ ಜಗಳಕ್ಕೆ ಒಂದು ಕೋಣೆ

ಮೊದಲ ಎರಡು ಕಂತುಗಳು ಯಾವ ತಕರಾರೂ ಇಲ್ಲದೆ ಪಾಸಾಗಿದ್ದವು. ಮೂರನೆಯದು ವಾಪಸ್ ಬಂತು.

ನಾನು ಡಬ್ಬಿಂಗ್ ನಿರ್ದೇಶಕಿ. ಬೇರೆ ಭಾಷೆಯ ಧಾರಾವಾಹಿಗಳು ಟೀವಿಯಲ್ಲಿ, ಮೊಬೈಲಿನಲ್ಲಿ ಕನ್ನಡ ಮಾತಾಡುತ್ತವಲ್ಲ, ಆ ಮಾತುಗಳನ್ನು ಬರೆಯುವುದು ಮತ್ತು ಕಲಾವಿದರಿಂದ ಹೇಳಿಸುವುದು ನನ್ನ ಕೆಲಸ. ಆ ಸಲ ಕೈಯಲ್ಲಿದ್ದದ್ದು ಹೊರದೇಶದ ಒಂದು ಕಥೆ. ಸಮುದ್ರದ ದಂಡೆಯ ಸಣ್ಣ ಊರು, ಅಲ್ಲಿ ಮೀನೂಟದ ಹೋಟೆಲ್ ನಡೆಸುವ ಮುದುಕ, ಎಷ್ಟೋ ವರ್ಷಗಳ ಮೇಲೆ ಮನೆಗೆ ಬರುವ ಮಗಳು. ಅವರಿಬ್ಬರ ಮುನಿಸೇ ಕಥೆ. ಮೂರನೇ ಕಂತಿನಲ್ಲಿ ಆ ಮುನಿಸು ಒಡೆದು ಹೊರಗೆ ಬರುತ್ತದೆ. ಅಡುಗೆಮನೆಯಲ್ಲಿ ಅಪ್ಪ ಬೆನ್ನು ತಿರುಗಿಸಿ ಮೀನು ತೊಳೆಯುತ್ತಿದ್ದಾನೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮ ಹೋದಾಗ ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳುತ್ತಾಳೆ. ಅಲ್ಲಿಂದ ಮುಂದಿನ ನಾಲ್ಕೈದು ನಿಮಿಷ ಇಬ್ಬರೂ ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತಾ ಜಗಳವಾಡುತ್ತಾರೆ.

ಕೆಲಸ ಕೊಟ್ಟಿದ್ದ ಮುಂಬೈ ಕಂಪನಿಯವರು ಆ ದೃಶ್ಯದ ಬಗ್ಗೆ ಬರೆದದ್ದು ಇಷ್ಟೇ: ಮಾತು ಸ್ಪಷ್ಟವಾಗಿದೆ, ತುಟಿಗೆ ಸರಿಯಾಗಿ ಕೂತಿದೆ, ಸದ್ದು ಶುದ್ಧವಾಗಿದೆ, ಆದರೆ ಇವರಿಬ್ಬರೂ ಒಂದೇ ಮನೆಯಲ್ಲಿದ್ದಾರೆ ಅನ್ನಿಸುತ್ತಿಲ್ಲ.

ಓದಿ ನನಗೆ ಮೈ ಉರಿಯಿತು. ಒಂದೇ ಮನೆಯಲ್ಲಿ ಇದ್ದರೆ ತಾನೇ ಅನ್ನಿಸುವುದು!

ಅಪ್ಪನ ಪಾತ್ರದ ದನಿ ಕೆಂಗೇರಿ ಉಪನಗರದಿಂದ ಬರುತ್ತಿತ್ತು. ಆ ಹಿರಿಯರನ್ನು ನಾವೆಲ್ಲ ಯಜಮಾನ್ರು ಅನ್ನುತ್ತಿದ್ದೆವು. ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದು, ಅಲ್ಲಿನ ಕಾರ್ಮಿಕರ ನಾಟಕಗಳಲ್ಲಿ ಪಾರ್ಟು ಮಾಡಿ, ಆಮೇಲೆ ರೇಡಿಯೋ ನಾಟಕಗಳಿಗೆ ಬಂದವರು. ತಳದಲ್ಲಿ ಸ್ವಲ್ಪ ಮರಳು ಇರುವಂಥ ದನಿ. ಮಲಗುವ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ರೆಕಾರ್ಡ್ ಮಾಡುತ್ತಿದ್ದರು. ಮಗಳ ಪಾತ್ರದ ಹುಡುಗಿ ವಿಜಯನಗರದಲ್ಲಿ ಮಹಡಿ ಮೇಲಿನ ಒಂದು ರೂಮಿನಲ್ಲಿದ್ದಳು. ಊರು ಗದಗದ ಕಡೆ. ಬೆಳಗ್ಗೆ ಪುಟ್ಟ ಮಕ್ಕಳ ಶಾಲೆಯಲ್ಲಿ ಪಾಠ, ಮಧ್ಯಾಹ್ನದ ಮೇಲೆ ಬಟ್ಟೆಯ ಬೀರುವಿನ ಬಾಗಿಲು ತೆರೆದು, ತೂಗುಹಾಕಿದ ಬಟ್ಟೆಗಳ ನಡುವೆ ತಲೆ ತೂರಿಸಿ ಡಬ್ಬಿಂಗ್. ಬಟ್ಟೆ ಸದ್ದನ್ನು ನುಂಗುವುದರಿಂದ ಅದು ಒಳ್ಳೆ ಸ್ಟುಡಿಯೋನೇ. ಸೌಂಡ್ ಎಂಜಿನಿಯರ್ ಹೆಗ್ಗನಹಳ್ಳಿಯ ತನ್ನ ಮನೆಯಲ್ಲಿ ಕೂತು ಇಬ್ಬರ ತುಣುಕುಗಳನ್ನೂ ಸೇರಿಸುತ್ತಿದ್ದ. ನಾನು ಬಸವೇಶ್ವರನಗರದಲ್ಲಿ, ಊಟದ ಮೇಜಿನ ಮುಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು "ಇನ್ನೊಂದು ಟೇಕ್" ಅನ್ನುತ್ತಿದ್ದೆ. ನಾಲ್ವರೂ ಊರಿನ ಒಂದೇ ಮಗ್ಗುಲಲ್ಲಿದ್ದೆವು. ಆಟೋ ಹತ್ತಿದರೆ ಯಾರು ಯಾರ ಮನೆಯನ್ನಾದರೂ ಮುಟ್ಟಬಹುದಿತ್ತು. ಆದರೂ ಯಜಮಾನ್ರು ಮತ್ತು ಆ ಹುಡುಗಿ ಅಲ್ಲಿಯವರೆಗೆ ಮುಖ ನೋಡಿಕೊಂಡಿರಲಿಲ್ಲ.

ಈ ಏರ್ಪಾಡಿಗೆ ಕಾರಣವಿತ್ತು. ಯಜಮಾನ್ರ ಹೆಂಡತಿಗೆ ಮರೆವಿನ ಕಾಯಿಲೆ. ಗಂಡ ಕಣ್ಣಿಗೆ ಬೀಳದಿದ್ದರೆ ಆಕೆ ಹುಡುಕಿಕೊಂಡು ಗೇಟು ದಾಟಿ ಹೋಗಿಬಿಡುತ್ತಿದ್ದರು. ಹಾಗಾಗಿ ಅವರು ಸ್ಟುಡಿಯೋಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಮನೆಯಿಂದ ರೆಕಾರ್ಡ್ ಮಾಡಬಹುದು ಎಂದು ನಾನು ಹೇಳಿದಾಗ ಅವರು ಕಂಪ್ಯೂಟರಿನ ಮುಂದೆ ಕೂತು ಮಗುವಿನ ಹಾಗೆ ಕಲಿತರು. "ಬಾಗ್ಲು ಹಾಕ್ಬಿಟ್ಟಿದ್ರು ಅಂದ್ಕೊಂಡಿದ್ದೆ ಕಣಮ್ಮ. ಕಿಟಕಿ ತೆಗೆದೆ ನೀನು" ಅಂದಿದ್ದರು. ಆ ಕಿಟಕಿ ನನಗೂ ಬೇಕಿತ್ತು. ಆ ಮುದುಕನಿಗೆ ಹೊಂದುವ ದನಿ ನನ್ನ ಪರಿಚಯದಲ್ಲಿ ಇನ್ನೊಂದು ಇರಲಿಲ್ಲ.

ಡಬ್ಬಿಂಗ್‌ನಲ್ಲಿ ಕಲಾವಿದರು ಬೇರೆ ಬೇರೆಯಾಗಿ ಹೇಳುವುದು ಹೊಸದೇನಲ್ಲ. ಸ್ಟುಡಿಯೋದಲ್ಲೂ ಈಗ ಒಬ್ಬೊಬ್ಬರೇ ಬಂದು ತಮ್ಮ ಮಾತು ಮುಗಿಸಿ ಹೋಗುತ್ತಾರೆ. ಮೂಲದ ದನಿಯನ್ನು ಕಿವಿಯಲ್ಲಿ ಕೇಳುತ್ತಾ, ಪರದೆಯ ತುಟಿ ನೋಡುತ್ತಾ ಕನ್ನಡ ಹೇಳಬೇಕು. ತುಟಿ ಮುಚ್ಚುವ ಕಡೆ ಪ, ಬ, ಮ ಬರುವ ಹಾಗೆ ನಾನು ಮಾತು ಕಟ್ಟಿರುತ್ತೇನೆ. ಮೊದಲ ಎರಡು ಕಂತಿನಲ್ಲಿ ಇದೆಲ್ಲ ಸಲೀಸಾಗಿ ನಡೆಯಿತು, ಯಾಕೆಂದರೆ ಅಲ್ಲಿ ಅಪ್ಪ-ಮಗಳು ಒಬ್ಬರೊಡನೊಬ್ಬರು ಮಾತೇ ಆಡುವುದಿಲ್ಲ. ಮೂರನೆಯದರಲ್ಲಿ ಇಬ್ಬರೂ ತಮಗೆ ಗೊತ್ತಿಲ್ಲದ ಭಾಷೆಯ ಯಾರೋ ನಟರಿಗೆ ಉತ್ತರ ಕೊಡುತ್ತಿದ್ದರು. ಹುಡುಗಿಯ ಕೋಪ ಎಲ್ಲಿಗೂ ತಾಕುತ್ತಿರಲಿಲ್ಲ. ಯಜಮಾನ್ರ ಮಾತು ಚೆನ್ನಾಗಿತ್ತು, ಆದರೆ ಯಾರ ಮಾತಿಗೂ ಅದು ಉತ್ತರವಾಗಿರಲಿಲ್ಲ.

ಮೊದಲು ಮಾಡಿದ್ದು ಇಬ್ಬರನ್ನೂ ಒಂದೇ ಕರೆಯಲ್ಲಿ ಕೂರಿಸಿ ಒಟ್ಟಿಗೆ ಹೇಳಿಸುವ ಪ್ರಯತ್ನ. ಇಂಟರ್ನೆಟ್ಟಿನಲ್ಲಿ ಮಾತು ಒಂದು ಚೂರು ತಡವಾಗಿ ತಲುಪುತ್ತದೆ. ಸಾಮಾನ್ಯ ಮಾತುಕತೆಯಲ್ಲಿ ಅದು ಗೊತ್ತಾಗುವುದಿಲ್ಲ. ಜಗಳದಲ್ಲಿ ಗೊತ್ತಾಗುತ್ತದೆ. ಹುಡುಗಿಯ ಮಾತು ಮುಗಿದದ್ದು ಯಜಮಾನ್ರಿಗೆ ಕೇಳಿ, ಅವರು ಶುರುಮಾಡುವಷ್ಟರಲ್ಲಿ ಇವಳು ಮುಂದಿನದಕ್ಕೆ ಉಸಿರು ಎಳೆದಿರುತ್ತಿದ್ದಳು. ಇಬ್ಬರೂ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ನಿಲ್ಲಿಸುತ್ತಿದ್ದರು.

"ನೀವ್ ಹೇಳ್ರಿ ಸರ್."

"ಇಲ್ಲಮ್ಮ, ನೀನ್ ಹೇಳು."

"ಅಲ್ರಿ, ನಿಮ್ದ ಐತ್ರಿ."

ಅಪ್ಪನಿಗೆ ಮಗಳು ಬೈಯುವ ದೃಶ್ಯದಲ್ಲಿ ಇಬ್ಬರೂ ಬಸ್ಸಿನ ಸೀಟನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟಂತೆ ಉಪಚಾರ ಮಾಡುತ್ತಿದ್ದರು. ಎಂಜಿನಿಯರ್ ನಗುತ್ತಾ, "ಮೇಡಂ, ಇದು ಜಗಳ ಅಲ್ಲ, ಹೆಣ್ಣು ನೋಡೋ ಶಾಸ್ತ್ರ" ಅಂದ.

ಆಮೇಲೆ ಅವನದೇ ಉಪಾಯದಂತೆ, ಹುಡುಗಿಯ ಮಾತನ್ನು ಮೊದಲು ರೆಕಾರ್ಡ್ ಮಾಡಿ ಅದನ್ನು ಯಜಮಾನ್ರ ಕಿವಿಗೆ ಹಾಕಿದೆವು. ಅವರು ಅದಕ್ಕೆ ಉತ್ತರ ಕೊಟ್ಟರು. ಆ ಉತ್ತರವನ್ನು ಅವಳ ಕಿವಿಗೆ ಹಾಕಿ ಅವಳಿಂದ ಮತ್ತೆ ಹೇಳಿಸಿದೆವು. ಮೊದಲಿಗಿಂತ ವಾಸಿ ಅನ್ನಿಸಿತು. ಕಳಿಸಿದೆವು.

ಅದೂ ವಾಪಸ್ ಬಂತು. ಈ ಸಲ ಕಂಪನಿಯ ಸಂಯೋಜಕಿ ಫೋನ್ ಮಾಡಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು: ಇನ್ನುಳಿದ ಕಂತುಗಳಲ್ಲೆಲ್ಲ ಈ ಇಬ್ಬರದೇ ದೃಶ್ಯಗಳಿವೆ, ಇದು ನಿಂತರೆ ಎಲ್ಲವೂ ನಿಲ್ಲುತ್ತದೆ, ಮುಂದಿನ ವಾರದೊಳಗೆ ಆಗದಿದ್ದರೆ ಅಪ್ಪನ ದನಿಯನ್ನು ಬದಲಾಯಿಸಿ ಸ್ಟುಡಿಯೋಗೆ ಬರಬಲ್ಲ ಯಾರನ್ನಾದರೂ ತೆಗೆದುಕೊಳ್ಳಿ, ಮೊದಲ ಎರಡು ಕಂತುಗಳನ್ನೂ ಹೊಸ ದನಿಯಲ್ಲಿ ಮತ್ತೆ ಮಾಡೋಣ.

ನಾನು ಯಜಮಾನ್ರಿಗೆ ಫೋನ್ ಮಾಡಿ ವಿಷಯ ಮುಚ್ಚಿಡದೆ ಹೇಳಿದೆ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಒಂದಿನ ಬರ್ತೀನಿ ಬಿಡು. ಪಕ್ಕದ ಮನೆ ಹೆಣ್ಮಗಳು ಒಳ್ಳೆಯವಳು, ಇವಳ ಜೊತೆ ಕೂತಿರ್ತಾಳೆ. ಒಂದು ಮಧ್ಯಾಹ್ನ ತಾನೆ?"

ರಾಜಾಜಿನಗರದಲ್ಲಿ ಒಂದು ಸಣ್ಣ ಸ್ಟುಡಿಯೋ ಗೊತ್ತುಮಾಡಿದೆ. ಯಜಮಾನ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೇಳಿದ ಹೊತ್ತಿಗೆ ಮೊದಲೇ ಬಂದಿದ್ದರು. ಹುಡುಗಿ ಶಾಲೆಯಿಂದ ನೇರವಾಗಿ ಬಂದಳು. ಅವರನ್ನು ನೋಡಿ, ಹೊಸಬರ ಮುಂದೆ ಏನು ಮಾಡಬೇಕೆಂದು ತೋಚದೆ, ಬಗ್ಗಿ ಕಾಲು ಮುಟ್ಟಿದಳು.

"ಅಯ್ಯೋ, ಕಾಲೆಲ್ಲ ಮುಟ್ಬೇಡಮ್ಮ. ಇನ್ನೊಂದು ಗಂಟೆಗೆ ಬಾಯಿಗೆ ಬಂದ ಹಾಗೆ ಬೈಯೋಳು ನೀನು" ಅಂದರು.

ಅವಳು ನಕ್ಕಳು. ಅಷ್ಟರಲ್ಲೇ ಅವರಿಬ್ಬರ ನಡುವೆ ಏನೋ ಸಡಿಲವಾಯಿತು. ನಮ್ಮ ಜೊತೆ ಬಂದಿದ್ದ ಎಂಜಿನಿಯರ್ ಮೈಕುಗಳ ಸದ್ದಿನ ಮಟ್ಟ ಸರಿಮಾಡುತ್ತಿದ್ದಾಗ ಇಬ್ಬರೂ ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ನಿಂತು ದೃಶ್ಯವನ್ನು ಒಂದು ಸಲ ಹೇಳಿಕೊಂಡರು. ಪರದೆಯ ಮೇಲೆ ದೃಶ್ಯವನ್ನು ಕೂಡ ಹಾಕಿರಲಿಲ್ಲ. ಮುಗಿಯುವಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ಪಕ್ಕದ ಮನೆಯಾಕೆ. ಯಜಮಾನ್ರ ಹೆಂಡತಿ "ಇವರನ್ನ ಎಲ್ಲಿ ಬಚ್ಚಿಟ್ಟಿದೀರಾ" ಅಂತ ಅಳುತ್ತಾ, ಬಾಗಿಲು ಬಡಿಯುತ್ತಿದ್ದಾರಂತೆ. ಯಜಮಾನ್ರು ಫೋನಿನಲ್ಲೇ ಸಮಾಧಾನ ಮಾಡಲು ನೋಡಿದರು. ಆಕೆ ದನಿಯನ್ನು ನಂಬಲಿಲ್ಲ. ಮುಖ ಬೇಕಿತ್ತು.

ಚಪ್ಪಲಿ ಹಾಕಿಕೊಳ್ಳುತ್ತಾ ಅವರು ನನಗೆ ಹೇಳಿದರು: "ಬೇರೆಯವ್ರನ್ನ ನೋಡ್ಕೊಮ್ಮ. ನಂಗೇನೂ ಬೇಜಾರಿಲ್ಲ. ನನ್ ದೆಸೆಯಿಂದ ನಿನ್ ಕೆಲಸ ಕೆಡೋದು ಬೇಡ."

ಬೇಜಾರಿಲ್ಲ ಅನ್ನುವಾಗ ಅವರು ನನ್ನ ಕಡೆ ನೋಡಲಿಲ್ಲ. ಆಟೋ ಹತ್ತಿಸಿ ವಾಪಸ್ ಬಂದೆ. ಹುಡುಗಿ ಮೈಕಿನ ಮುಂದೆ ಹಾಗೇ ನಿಂತಿದ್ದಳು. ಒಂದಷ್ಟು ಅವಳೊಬ್ಬಳ ಮಾತುಗಳನ್ನು ಮುಗಿಸಿಕೊಂಡು ಮನೆಗೆ ಹೊರಟೆವು.

ಬೇರೆ ದನಿಗಾಗಿ ನಾನು ಇಬ್ಬರು ಮೂವರಿಗೆ ಫೋನ್ ಮಾಡಿದ್ದೂ ಹೌದು. ಅವರು ಕಳಿಸಿದ ಮಾದರಿಗಳನ್ನು ಕೇಳಿದೆ. ಒಬ್ಬರದು ಪರವಾಗಿಲ್ಲ ಅನ್ನಿಸಿತ್ತು. ನಾಳೆ ಬನ್ನಿ ಅಂತ ಹೇಳಬೇಕು, ಅಷ್ಟರಲ್ಲಿ ಎಂಜಿನಿಯರ್ ಒಂದು ತುಣುಕು ಕಳಿಸಿ, "ಮೇಡಂ, ಮಟ್ಟ ನೋಡೋವಾಗ ರೆಕಾರ್ಡಿಂಗ್ ಆನ್ ಇತ್ತು. ಅವರ ರಿಹರ್ಸಲ್ ಇದು. ಸೌಂಡು ಗಬ್ಬು. ಆದ್ರೂ ಕೇಳಿ" ಅಂದ.

ಕೇಳಿದೆ. ಎರಡೂ ಮೈಕಿನಲ್ಲಿ ಇಬ್ಬರ ದನಿಯೂ ಕಲಸಿಹೋಗಿತ್ತು. ಯಾರೋ ಕುರ್ಚಿ ಎಳೆದ ಸದ್ದು. ಹುಡುಗಿ ಒಂದು ಕಡೆ ಮಾತು ತಪ್ಪಾಗಿ ಹೇಳಿದ್ದಳು. ಆದರೆ "ನಂಗ್ಯಾಕೆ ಹೇಳ್ಲಿಲ್ಲ" ಎಂದು ಅವಳು ಕೇಳಿ ಮುಗಿಸುವ ಮೊದಲೇ ಯಜಮಾನ್ರ ಗಂಟಲಿನಲ್ಲಿ ಏನೋ ಸರಿದಾಡಿದ ಸದ್ದಿತ್ತು. ಮಾತು ಶುರುವಾಗುವ ಮುಂಚಿನ ಸದ್ದು. ಅದು ಕೇಳಿಸಿದ್ದಕ್ಕೇ ಅವಳು ಮುಂದಿನ ಮಾತನ್ನು ಇನ್ನಷ್ಟು ಜೋರು ಮಾಡಿದ್ದಳು. ಇದನ್ನು ನಾನು ಬರೆದಿರಲಿಲ್ಲ, ಹೇಳಿಕೊಟ್ಟೂ ಇರಲಿಲ್ಲ.

ಬೇರೆ ಕಲಾವಿದರಿಗೆ ಫೋನ್ ಮಾಡಲಿಲ್ಲ. ಎಂಜಿನಿಯರ್‌ಗೆ ಮಾಡಿದೆ.

"ಅವ್ರು ಸ್ಟುಡಿಯೋಗೆ ಬರೋಕಾಗಲ್ಲ. ಸ್ಟುಡಿಯೋನ ಅಲ್ಲಿಗೆ ತಗೊಂಡ್ ಹೋಗೋಣ."

"ಕೆಂಗೇರಿಗಾ? ಮೇಡಂ, ಅದು ಮನೆ. ಎರಡು ಮೈಕು ಒಂದೇ ರೂಮಲ್ಲಿ ಇಟ್ರೆ ಒಬ್ರ ದನಿ ಇನ್ನೊಬ್ರ ಟ್ರ್ಯಾಕಿಗೆ ಸೋರತ್ತೆ. ಆಮೇಲೆ ಒಬ್ರದ್ದು ಒಂದು ಚೂರು ಸರಿಸ್ಬೇಕು ಅಂದ್ರೂ ಇನ್ನೊಬ್ರದ್ದು ಜೊತೇಲೇ ಬರತ್ತೆ. ತುಟಿಗೆ ಸಿಂಕ್ ಮಾಡೋಕೆ ನಾನು ಸಾಯ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮನೆಮನೆಯಿಂದ ಬೇರೆಯಾಗಿ ಬರುತ್ತಿದ್ದ ದನಿಗಳನ್ನು ಎಲ್ಲಿಗೆ ಬೇಕಾದರೂ ಸರಿಸಿ ಕೂರಿಸಬಹುದಿತ್ತು. ನಾನು ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಅಪ್ಪ ಬಹುಪಾಲು ಬೆನ್ನು ತಿರುಗಿಸಿಯೇ ಇದ್ದಾನೆ, ಅವನ ತುಟಿ ಕಾಣುವುದು ಕಡೆಯಲ್ಲಿ ಮಾತ್ರ. ಹಾಗಾದರೆ ಆ ಕಡೆಯದನ್ನು ಬಿಟ್ಟು ಯಜಮಾನ್ರ ಉಳಿದ ಮಾತನ್ನು ತುಟಿಗೆ ಕೂರಿಸುವ ಕಟ್ಟುಪಾಡೇ ಇಲ್ಲ. ಹುಡುಗಿ ಪರದೆ ನೋಡಿಕೊಂಡು ಹೇಳಲಿ, ಯಜಮಾನ್ರು ಪರದೆ ಬಿಟ್ಟು ಅವಳನ್ನು ನೋಡಿಕೊಂಡು ಹೇಳಲಿ. ಇದನ್ನು ಹೇಳಿದಾಗ ಎಂಜಿನಿಯರ್ ಸ್ವಲ್ಪ ಯೋಚಿಸಿ, "ಆಗ್ಬಹುದು. ಮನೇಲಿ ರಗ್ಗು ಎಷ್ಟಿವೆ ಕೇಳಿ" ಅಂದ.

ಭಾನುವಾರವಾದರೆ ಸುತ್ತಮುತ್ತ ಸದ್ದು ಕಡಿಮೆ ಇರುತ್ತಿತ್ತು. ಅಷ್ಟು ಕಾಯಲು ಪುರುಸೊತ್ತಿರಲಿಲ್ಲ. ಹುಡುಗಿ ಶಾಲೆಗೆ ರಜೆ ಹಾಕಿದಳು. ನಾನೂ ಅವಳೂ ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಎಂಜಿನಿಯರ್ ಮೈಕು, ಸ್ಟ್ಯಾಂಡು, ವೈರುಗಳನ್ನೆಲ್ಲ ತನ್ನ ಸ್ನೇಹಿತನ ಕಾರಿನಲ್ಲಿ ಹಾಕಿಕೊಂಡು ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ, ನಮಗಿಂತ ಬಹಳ ತಡವಾಗಿ ತಲುಪಿದ.

ಯಜಮಾನ್ರ ಮನೆ ನೆಲಮಹಡಿಯದು. ಗೇಟಿಗೆ ಒಳಗಿನಿಂದ ಬೀಗ. ಮಲಗುವ ಕೋಣೆಯ ಮಂಚವನ್ನು ಹಾಲಿಗೆ ಎಳೆದು, ಹಾಸಿಗೆಗಳನ್ನು ಎರಡು ಗೋಡೆಗೆ ನಿಲ್ಲಿಸಿದೆವು. ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ರಗ್ಗುಗಳನ್ನು ಇಳಿಬಿಟ್ಟೆವು. ಫ್ಯಾನು ನಿಲ್ಲಿಸಿದೆವು. ಫ್ರಿಜ್ಜು ಗುಂಯ್ ಅನ್ನುತ್ತಿತ್ತು, ಅದನ್ನೂ ಆರಿಸಿದೆವು. ಎಂಜಿನಿಯರ್ ಎರಡು ಮೈಕುಗಳನ್ನು ಬೆನ್ನಿಗೆ ಬೆನ್ನು ಬರುವಂತೆ ಓರೆಯಾಗಿ ನಿಲ್ಲಿಸಿದ. ಹಾಗೆ ಇಟ್ಟರೆ ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಾರೆ, ಸೋರಿಕೆಯೂ ಕಡಿಮೆ.

ಎಲ್ಲ ಮುಗಿದು ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಮೆಷಿನ್ನು ಶುರುವಾಯಿತು. ಯಾವ ರಗ್ಗೂ ಅದನ್ನು ತಡೆಯುವ ಹಾಗಿರಲಿಲ್ಲ. ನಾನು ಹೊರಗೆ ಹೋಗಿ ಮೇಸ್ತ್ರಿಯನ್ನು ಕೇಳಿಕೊಂಡೆ.

"ಸಿನಿಮಾನಾ ಮೇಡಂ?"

"ಅಂಥದ್ದೇ ಅಣ್ಣ. ಸ್ವಲ್ಪ ಹೊತ್ತು ನಿಲ್ಲಿಸ್ತೀರಾ?"

"ಇವತ್ತು ಬಾತ್ರೂಮ್ ಮುಗಿಸ್ಬೇಕು. ಊಟಕ್ಕೆ ಬಿಟ್ಟಾಗ ಮಾಡ್ಕೊಳ್ಳಿ. ಊಟ ಆದ್ಮೇಲೆ ಹುಡುಗ್ರು ಸ್ವಲ್ಪ ಅಡ್ಡಾಗ್ತಾರೆ, ನಾನು ಎಬ್ಬಿಸಲ್ಲ. ಅಷ್ಟೇ ನನ್ ಕೈಲಾಗೋದು."

ಊಟದ ಹೊತ್ತು ಬರುವವರೆಗೆ ಕೋಣೆಯಲ್ಲಿ ಕೂತು ಮಾತುಗಳನ್ನು ಹದಮಾಡಿಕೊಂಡೆವು. ಹುಡುಗಿಯ ತೊಂದರೆ ಏನೆಂದು ನನಗೆ ತಿಳಿದದ್ದು ಆಗಲೇ. ಕಂಪನಿಯವರಿಗೆ ಬೇಕಿದ್ದದ್ದು ಬೆಂಗಳೂರಿನ ಕನ್ನಡ. ಬೀರುವಿನೊಳಗೆ ಒಬ್ಬಳೇ ನಿಂತು ಹೇಳುವಾಗ ಅವಳ ಗಮನವೆಲ್ಲ ನಾಲಿಗೆಯ ಮೇಲಿರುತ್ತಿತ್ತಂತೆ. ಎಲ್ಲಿ ತಮ್ಮೂರಿನ 'ಯಾಕ' ಬಂದುಬಿಡುತ್ತೋ, ಎಲ್ಲಿ 'ಅಂದಿ' ಬಂದುಬಿಡುತ್ತೋ ಅಂತ. ಈಗ ಯಜಮಾನ್ರ ಎದುರು ಕೂತು ಹೇಳುವಾಗ ಒಂದು ಸಲ ಜಾರಿತು.

"ಅವ್ವ ಹೋದಾಗ ನನಗ್ಯಾಕ ಹೇಳ್ಲಿಲ್ಲ?"

ಅವಳೇ ತಲೆ ಚಚ್ಚಿಕೊಂಡು, "ಸಾರಿ ರೀ ಮೇಡಮ್ಮರ" ಅಂದಳು.

ಯಜಮಾನ್ರು ಕೈ ಎತ್ತಿದರು. "ತಡಿ. ಸಾರಿ ಯಾಕೆ? ಅದೇ ಸರಿಯಾಗಿತ್ತು. ನಿಮ್ ಊರಿನ್ ಥರಾನೇ ಪೂರ್ತಿ ಬೈಯಮ್ಮ ನನ್ನ. ರೆಕಾರ್ಡು ಬೇಡ."

ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಇಡೀ ಜಗಳವನ್ನು ಗದಗಿನ ಕನ್ನಡದಲ್ಲಿ ಆಡಿದಳು. ನಾನು ಬರೆದ ಮಾತುಗಳಲ್ಲಿ ಅರ್ಧ ಅದರಲ್ಲಿರಲಿಲ್ಲ, ಅದರ ಬದಲು ಅವಳವೇ ಬಂದವು. "ನನ್ನೇನ್ ಕಲ್ಲ ಅಂತ ತಿಳದಿದ್ದೇನ್?" ಅಂದಾಗ ಯಜಮಾನ್ರು ನಿಜವಾಗಿಯೂ ಹಿಂದೆ ಸರಿದರು. ಎಂಜಿನಿಯರ್ ವೈರು ಸುತ್ತುವುದನ್ನು ನಿಲ್ಲಿಸಿಬಿಟ್ಟಿದ್ದ. ಮುಗಿದ ಮೇಲೆ ಯಜಮಾನ್ರು, "ಈಗ ಅದೇ ಸಿಟ್ಟು, ನಮ್ಮೂರ ಅಂಗಿ ಹಾಕು" ಅಂದರು. ಎರಡನೇ ಸಲ ಅವಳು ಬೆಂಗಳೂರು ಕನ್ನಡದಲ್ಲಿ ಹೇಳಿದಳು. ನಾಲಿಗೆ ತಾನಾಗಿ ಸರಿಯಾಗಿ ಹೊರಳಿತು. "ನಾನೇನ್ ಕಲ್ಲು ಅಂದ್ಕೊಂಡಿದ್ಯಾ?" ಅನ್ನುವ ಮಾತನ್ನು ನಾನು ಅಲ್ಲೇ ಸೇರಿಸಿಕೊಂಡೆ. ತುಟಿಗೂ ಅದು ಮೊದಲಿನದಕ್ಕಿಂತ ಚೆನ್ನಾಗಿ ಕೂತಿತು.

ಪಕ್ಕದ ಮೆಷಿನ್ನು ನಿಂತಿತು. ಶುರುಮಾಡಿದೆವು.

ಮೊದಲ ಟೇಕಿಗೆ ಕೆಂಗೇರಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ಎರಡನೆಯದು ಚೆನ್ನಾಗಿ ಹೋಗುತ್ತಿತ್ತು. ಹುಡುಗಿ ದನಿ ಏರಿಸಿ "ಅಮ್ಮ ಸತ್ತಿದ್ದು ಊರಿಗೆಲ್ಲ ಗೊತ್ತು, ನಂಗೊಬ್ಳಿಗೇ ಗೊತ್ತಿಲ್ಲ" ಅಂದಳು. ಹಾಲಿನಲ್ಲಿ ಪಕ್ಕದ ಮನೆಯಾಕೆಯ ಜೊತೆ ಕೂತಿದ್ದ ಯಜಮಾನ್ರ ಹೆಂಡತಿ ಎದ್ದು ಬಂದು ಬಾಗಿಲು ತೆರೆದರು. ರಗ್ಗು ಸರಿಸಿಕೊಂಡು ಒಳಗೆ ಬಂದು ನಿಂತರು.

"ಯಾರು ಹೋಗಿದ್ದು?"

ಹುಡುಗಿಯ ಮುಖ ಬಿಳಿಚಿಕೊಂಡಿತು. ಆ ಮಾತನ್ನು ಆ ಮನೆಯಲ್ಲಿ ಕೂಗಿ ಹೇಳಿದ್ದೆವು ಅನ್ನುವುದು ನನಗೂ ಆಗಲೇ ಹೊಳೆದದ್ದು.

ಯಜಮಾನ್ರು ಹೆಡ್‌ಫೋನ್ ತೆಗೆದರು. "ಯಾರೂ ಹೋಗಿಲ್ಲ ಕಣೇ. ನಾಟಕ."

"ನಾಟಕನಾ?"

"ಹೂಂ. ಈ ಹುಡುಗಿ ನನ್ ಮಗಳು, ನಾಟಕದಲ್ಲಿ."

ಆಕೆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಗಂಡನಿಗೆ, "ಹಾಗಿದ್ರೆ ಜೋರಾಗ್ ಹೇಳಿ. ಹಿಂದಿನೋರಿಗೆ ಕೇಳ್ಬೇಡ್ವಾ?" ಅಂದರು.

ನಾವೆಲ್ಲ ನಕ್ಕೆವು. ಆಕೆ ಹೋಗಲಿಲ್ಲ. ಪಕ್ಕದ ಮನೆಯಾಕೆ ಕೈ ಹಿಡಿದು ಕರೆದರೂ, "ನಾಟಕ ನೋಡ್ಬೇಕು" ಎಂದು ಬಾಗಿಲ ಬಳಿಯೇ ನಿಂತರು. ಎಂಜಿನಿಯರ್ ನನ್ನ ಕಡೆ ನೋಡಿದ. ಒಂದು ಮಾತು, ಒಂದು ಕೆಮ್ಮು ಬಂದರೂ ಟೇಕು ಹಾಳು. ಹೊರಗೆ ಕಳಿಸಿದರೆ ಅಳು ಶುರುವಾಗಬಹುದು. ಪಕ್ಕದಲ್ಲಿ ಊಟ ಮುಗಿಯುತ್ತಾ ಬಂದಿತ್ತು.

"ಕೂತ್ಕೊಳ್ಳಿ ಅಮ್ಮ" ಅಂದೆ. ಎಂಜಿನಿಯರ್ ತನ್ನ ಕುರ್ಚಿಯನ್ನೇ ಅವರಿಗೆ ಕೊಟ್ಟು ನೆಲದ ಮೇಲೆ ಕೂತ. ಯಜಮಾನ್ರು ಹೆಂಡತಿಯ ಕಡೆ ಬಗ್ಗಿ, "ನಾಟಕ ಮುಗಿಯೋವರ್ಗೂ ಮಾತಾಡ್ಬಾರ್ದು, ಗೊತ್ತಲ್ಲ?" ಅಂದರು. "ನಂಗೇನ್ ಹೇಳ್ಕೊಡ್ತೀರಾ?" ಅಂತ ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಮೂರನೇ ಟೇಕು ನಡೆಯಿತು. ಹುಡುಗಿ ಈ ಸಲ ಅಷ್ಟು ಕೂಗಲಿಲ್ಲ. ಆಕೆ ಎದುರಿಗಿದ್ದಾರೆ ಎಂದೋ ಏನೋ, ಆ ಸಾವಿನ ಮಾತನ್ನು ತಗ್ಗಿಸಿ, ಹಲ್ಲು ಕಚ್ಚಿಕೊಂಡು ಹೇಳಿದಳು. ಯಜಮಾನ್ರು ತಡೆದು ತಡೆದು, "ಹೇಳೋಣ ಅಂದ್ಕೊಂಡೆ. ದಿನಾ ಅಂದ್ಕೊಂಡೆ" ಅಂದರು. ಮೊದಲ 'ಅಂದ್ಕೊಂಡೆ' ಮತ್ತು ಎರಡನೆಯದರ ನಡುವೆ ಹುಡುಗಿಯ ಉಸಿರು ಒಡೆಯಿತು. ಅದು ಅವರ ಮೈಕಿನಲ್ಲೂ ಸಣ್ಣಗೆ ಸೇರಿಕೊಂಡಿತು. ಎಂಜಿನಿಯರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮುಗಿದ ಮೇಲೂ ನಾನು ಕೆಲವು ಕ್ಷಣ 'ಕಟ್' ಅನ್ನಲಿಲ್ಲ.

ಯಜಮಾನ್ರ ಹೆಂಡತಿ ಅಷ್ಟು ಹೊತ್ತೂ ಒಂದು ಸದ್ದು ಮಾಡಿರಲಿಲ್ಲ. ಮುಗಿಯಿತೆಂದು ಗೊತ್ತಾದ ಮೇಲೆ ಹುಡುಗಿಯನ್ನು ಹತ್ತಿರ ಕರೆದು, "ಅಪ್ಪಂಗೆ ಹಂಗೆಲ್ಲ ಅನ್ಬಾರ್ದು" ಅಂದರು.

"ಇಲ್ಲ ಅಮ್ಮರ. ಇನ್ನ ಅನ್ನಂಗಿಲ್ರಿ" ಅಂದಳು ಹುಡುಗಿ.

ಇನ್ನೂ ಎರಡು ಟೇಕು ಮಾಡಿಕೊಳ್ಳುವಷ್ಟರಲ್ಲಿ ಮೆಷಿನ್ನು ಮತ್ತೆ ಶುರುವಾಯಿತು. ಕಡೆಯಲ್ಲಿ ತುಟಿ ಕಾಣುವ ಒಂದು ಮಾತು ಸಿಗದೆ ಉಳಿಯಿತು. ಅದಕ್ಕೆ ಯಜಮಾನ್ರು ಹಿಂದೆ ಒಬ್ಬರೇ ಮಾಡಿದ್ದ ರೆಕಾರ್ಡಿಂಗನ್ನೇ ಕತ್ತರಿಸಿ ಜೋಡಿಸಿದೆವು. ಎಂಜಿನಿಯರ್ ಹೇಳಿದ್ದೆಲ್ಲ ನಿಜವಾಯಿತು. ಬೇರೆ ದೃಶ್ಯಗಳಿಗೆ ಒಂದು ಮಧ್ಯಾಹ್ನ ಸಾಕಾಗುತ್ತಿದ್ದ ಕೆಲಸಕ್ಕೆ ಈ ಒಂದು ದೃಶ್ಯದಲ್ಲಿ ಅವನು ದಿನಗಟ್ಟಲೆ ಕೂತ. ಒಂದು ದನಿಯನ್ನು ಸರಿಸಲು ಹೋದರೆ ಇನ್ನೊಂದರ ನೆರಳು ಜೊತೆಗೆ ಬರುತ್ತಿತ್ತು. ನಡುವೆ ಫೋನ್ ಮಾಡಿ ನನಗೆ ಬೈಯುತ್ತಿದ್ದ, ಮತ್ತೆ ಕೂರುತ್ತಿದ್ದ. ಕಂಪನಿಗೆ ಕಳಿಸುವಾಗ, ಹಿನ್ನೆಲೆಯ ಗದ್ದಲ ಸ್ವಲ್ಪ ಹೆಚ್ಚಿದೆ, ಬೇಕೆಂದೇ ಬಿಟ್ಟಿದ್ದೇವೆ ಎಂದು ನಾನು ಬರೆದೆ.

ದೃಶ್ಯ ಪಾಸಾಯಿತು. ದನಿ ಬದಲಾಯಿಸುವ ಮಾತನ್ನು ಸಂಯೋಜಕಿ ಮತ್ತೆ ಎತ್ತಲಿಲ್ಲ.

ಅದಾದ ಮೇಲೆ ನಾವು ಕೆಲಸದ ಕ್ರಮ ಬದಲಾಯಿಸಿಕೊಂಡೆವು. ಒಂಟಿ ಮಾತುಗಳು, ಫೋನಿನ ಮಾತುಗಳು, ಹೋಟೆಲ್ ಗಿರಾಕಿಗಳ ಗದ್ದಲ, ಇವೆಲ್ಲ ಮೊದಲಿನಂತೆ ಅವರವರ ಮನೆಯಿಂದಲೇ ಬಂದವು. ಅದರಲ್ಲಿ ಯಾವ ನಷ್ಟವೂ ಆಗಲಿಲ್ಲ, ಎಲ್ಲರಿಗೂ ಓಡಾಟ ಉಳಿಯಿತು. ಅಪ್ಪ-ಮಗಳು ಎದುರುಬದುರಾಗುವ ದೃಶ್ಯಗಳನ್ನು ಗುಡ್ಡೆ ಹಾಕಿಕೊಂಡು, ವಾರಕ್ಕೊಮ್ಮೆ ಕೆಂಗೇರಿಗೆ ಹೋಗುತ್ತಿದ್ದೆವು. ಯಜಮಾನ್ರ ಹೆಂಡತಿ ಕೆಲವು ದಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಕೆಲವು ದಿನ ನಾವು ಯಾರೆಂದು ಗೊತ್ತಾಗದೆ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾದ ದಿನ ಗೇಟಿನ ಹೊರಗಿನಿಂದಲೇ ಮಾತಾಡಿಸಿ ವಾಪಸ್ ಬರುತ್ತಿದ್ದೆವು. ಎದುರಿಗೆ ಕೂತು ಮಾಡುವ ಕೆಲಸವೇ ಮೇಲೆಂದು ನಾನು ಈಗಲೂ ವಾದ ಮಾಡುವುದಿಲ್ಲ. ದೂರದಿಂದ ಮಾಡುವ ಅನುಕೂಲ ಇಲ್ಲದಿದ್ದರೆ ಯಜಮಾನ್ರೇ ನಮಗೆ ಸಿಗುತ್ತಿರಲಿಲ್ಲ. ಯಾವ ಮಾತಿಗೆ ಇನ್ನೊಬ್ಬರ ಮುಖ ಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಮೊದಲೇ ಓದಿ ಗುರುತುಮಾಡಿಕೊಳ್ಳುವುದನ್ನು ಮಾತ್ರ ಕಲಿತೆ.

ಎಲ್ಲ ಕಂತುಗಳನ್ನೂ ಒಪ್ಪಿಸಿದ ಮೇಲೆ ಕಂಪನಿಯಿಂದ ಸಣ್ಣಪುಟ್ಟ ತಿದ್ದುಪಡಿಗಳು ಬಂದವು. ಅವುಗಳಲ್ಲಿ ಒಂದು, ಕೊನೆಯ ಕಂತಿನ ಒಂದು "ಹೂಂ". ಮಗಳು ಹೊರಡುವ ಬೆಳಿಗ್ಗೆ, "ಮತ್ತೆ ಬರ್ಲಾ?" ಅನ್ನುತ್ತಾಳೆ. ಅಪ್ಪ "ಹೂಂ" ಅನ್ನುತ್ತಾನೆ. ಅಲ್ಲಿ ಮೈಕಿಗೆ ಏನೋ ತಗುಲಿದ ಸದ್ದಿತ್ತು. ಒಂದು ಅಕ್ಷರಕ್ಕಾಗಿ ಎಲ್ಲರನ್ನೂ ಹೊರಡಿಸುವುದು ಅತಿಯಾಯಿತು ಎಂದು ನಾನು ಯಜಮಾನ್ರಿಗೆ, "ನೀವೇ ಮನೇಲಿ ಹೇಳಿ ಕಳಿಸ್ಬಿಡಿ ಸಾರ್" ಅಂದೆ.

ಅವರು ಕಳಿಸಿದರು. ಒಂದು ಹೂಂ ಒಪ್ಪಿಗೆಯಂತಿತ್ತು, ಇನ್ನೊಂದು ನಿಟ್ಟುಸಿರಿನಂತಿತ್ತು, ಮತ್ತೊಂದು ಅಂಗಡಿಯವನು ಲೆಕ್ಕ ಕೇಳಿಸಿಕೊಂಡಂತಿತ್ತು. ಎಲ್ಲ ಶುದ್ಧವಾಗಿದ್ದವು. ಯಾವುದೂ ಆ ಜಾಗಕ್ಕೆ ಹೊಂದಲಿಲ್ಲ. ಮತ್ತೆ ಕಳಿಸಿ ಎಂದು ಕೇಳಲು ಸಂಕೋಚವಾಗಿ, ಇದ್ದುದರಲ್ಲಿ ಯಾವುದನ್ನು ಹಾಕೋಣ ಎಂದು ನಾನೂ ಎಂಜಿನಿಯರ್ರೂ ಚರ್ಚೆ ಮಾಡುತ್ತಿದ್ದೆವು. ಈ ಮಾತು ಹುಡುಗಿಯ ಕಿವಿಗೂ ಬಿದ್ದಿತ್ತು.

ಮರುದಿನ ಸಂಜೆ ಯಜಮಾನ್ರಿಂದ ಇನ್ನೊಂದು ಫೈಲು ಬಂತು. ಒಂದೇ ಟೇಕು. ಹಾಕಿ ಕೇಳಿದೆ. ಮೊದಲು ದೂರದಿಂದ, ಮೈಕಿನಿಂದ ಆಚೆ ಎಲ್ಲೋ ನಿಂತು, ಹುಡುಗಿ ಕೇಳಿದಳು: "ಮತ್ತ ಬರ್ಲೇನು?"

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹತ್ತಿರದಿಂದ, ಮರಳು ಬೆರೆತ ದನಿಯಲ್ಲಿ, "ಹೂಂ".

ಅವಳ ಮಾತನ್ನು ಕತ್ತರಿಸಿ, ಆ ಹೂಂ ಒಂದನ್ನೇ ಅಲ್ಲಿ ಕೂರಿಸಿದೆವು.